ತಳ ನೋಡಿ ತಿನ್ನಿ: ಪಿಜ್ಜಾ ರಸಿಕರಿಗೊಂದು ಕೈಪಿಡಿ

ಇಟಲಿಯ ನೇಪಲ್ಸ್ ನಗರದಲ್ಲಿ 'ದಾ ಮಿಕೆಲೆ' ಎಂಬ ಅಂಗಡಿ ಇದೆ. ಕೊಂಡುರ್ರೊ ಮನೆತನದವರು ಪಿಜ್ಜಾ ಕಸುಬಿಗೆ ಇಳಿದದ್ದು 1870ರಲ್ಲಿ, ಈಗಿನ ಬೀದಿಗೆ ಅಂಗಡಿ ಬಂದದ್ದು 1930ರಲ್ಲಿ. ಒಳಗೆ ಅಮೃತಶಿಲೆಯ ಮೇಜುಗಳು, ಹೊರಗೆ ನಂಬರಿನ ಚೀಟಿ ಹಿಡಿದು ಕಾಯುವ ಜನ. ದಶಕಗಳ ಕಾಲ ಅಲ್ಲಿ ಸಿಗುತ್ತಿದ್ದದ್ದು ಎರಡೇ ಬಗೆ. ಒಂದು ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಇಷ್ಟೇ. ಚೀಸ್ ಇಲ್ಲ. ಇನ್ನೊಂದು ಮಾರ್ಗರೀಟಾ: ಟೊಮೆಟೊ, ಮೊಝರೆಲ್ಲಾ, ತುಳಸಿಯ ಬಳಗದ ಬೇಸಿಲ್ ಎಲೆ. ಈಚೆಗೆ ಮೆನುವಿಗೆ ಒಂದೆರಡು ಹೆಸರು ಸೇರಿದರೂ ಬಂದವರು ಹೆಚ್ಚಾಗಿ ಕೇಳುವುದು ಇವೆರಡನ್ನೇ.

ಪಿಜ್ಜಾ ಸವಿಯಲು ಕಲಿಯಬೇಕು ಎನ್ನುವವರಿಗೆ ನಾನು ಈ ಮೆನುವನ್ನೇ ಮೊದಲ ಪಾಠವಾಗಿ ಹೇಳುತ್ತೇನೆ. ನಿಮ್ಮ ಮೆಚ್ಚಿನ ಪಿಜ್ಜಾ ಅಂಗಡಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ಮೇಲೆ ಉದುರಿಸುವುದರ ಬಗ್ಗೆ ಮಾತಾಡುತ್ತಾರೆ. ಇಲ್ಲಿ ಪನೀರು ಚೆನ್ನಾಗಿ ಹಾಕುತ್ತಾರೆ, ಅಲ್ಲಿ ಚೀಸ್ ಧಾರಾಳ, ಮತ್ತೊಂದು ಕಡೆ ಜೋಳದ ಕಾಳು ಹೆಚ್ಚು, ಹೀಗೆ. ಅದೆಲ್ಲ ಕೊನೆಯ ಅಧ್ಯಾಯ. ಪಿಜ್ಜಾ ಎಂದರೆ ಮೊದಲು ಹಿಟ್ಟು, ಆಮೇಲೆ ಒಲೆ. ಲೋಕದ ಯಾವ ಊರಿನಲ್ಲೇ ಆಗಲಿ, ಜನ ಬಿಸಿಲಲ್ಲಿ ಸಾಲುಗಟ್ಟಿ ನಿಂತು ತಿನ್ನುವ ಅಂಗಡಿಯ ಗುಟ್ಟು ಈ ಎರಡರಲ್ಲೇ ಇರುತ್ತದೆ. ಹೊಸ ಅಂಗಡಿಗೆ ಹೋದಾಗ ಅವರಲ್ಲಿರುವ ಅತಿ ಸರಳ ಪಿಜ್ಜಾ ಕೇಳಿ. ಹಿಟ್ಟಿನಲ್ಲಿ ಕೊರತೆ ಇದ್ದರೆ ಅದನ್ನು ಮರೆಮಾಚಲು ಅಲ್ಲಿ ಏನೂ ಇರುವುದಿಲ್ಲ.

ಮಾರ್ಗರೀಟಾದ ಕಥೆಯನ್ನು ನೀವು ಕೇಳಿರುತ್ತೀರಿ. 1889ರಲ್ಲಿ ರಾಣಿ ಮಾರ್ಗರೀಟಾ ನೇಪಲ್ಸ್‌ಗೆ ಬಂದಾಗ ರಫಾಯೆಲೆ ಎಸ್ಪೊಸಿಟೊ ಎಂಬ ಬಾಣಸಿಗ ಇಟಲಿಯ ಬಾವುಟದ ಮೂರು ಬಣ್ಣಗಳಲ್ಲಿ ಪಿಜ್ಜಾ ಮಾಡಿಕೊಟ್ಟನೆಂದೂ ಅದಕ್ಕೆ ರಾಣಿಯ ಹೆಸರಿಟ್ಟನೆಂದೂ ಹೇಳುತ್ತಾರೆ. ಅರಮನೆಯಿಂದ ಬಂದ ಮೆಚ್ಚುಗೆಯ ಪತ್ರವೆಂದು ನೇಪಲ್ಸ್‌ನ ಬ್ರಾಂಡಿ ಅಂಗಡಿಯಲ್ಲಿ ಒಂದನ್ನು ತೋರಿಸುವುದೂ ಉಂಟು. ಆ ಪತ್ರದ ಸಾಚಾತನವನ್ನು ಇತಿಹಾಸಕಾರರು ಶಂಕಿಸಿದ್ದಾರೆ. ಮೊಝರೆಲ್ಲಾ, ಬೇಸಿಲ್ ಹಾಕಿದ ಪಿಜ್ಜಾ ರಾಣಿ ಬರುವ ಎಷ್ಟೋ ವರ್ಷ ಮೊದಲೇ ಆ ಊರಿನ ಬರಹಗಳಲ್ಲಿ ಕಾಣಿಸಿಕೊಂಡಿದೆ. ಕಥೆ ಚೆಂದವಾಗಿದೆ, ಆದರೆ ಅದಿಲ್ಲದಿದ್ದರೂ ರುಚಿಗೆ ಕುಂದೇನಿಲ್ಲ. ಪಿಜ್ಜಾ ಬಡವರ ಬೀದಿ ತಿಂಡಿಯಾಗಿ ಬೆಳೆದದ್ದು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ಹಿಟ್ಟಿಗೆ ಬರೋಣ. ನೇಪಲ್ಸ್‌ನ ಪಿಜ್ಜಾ ಹಿಟ್ಟಿನಲ್ಲಿ ಇರುವುದು ನಾಲ್ಕೇ ವಸ್ತು: ಗೋಧಿಯ ನಯವಾದ ಹಿಟ್ಟು, ನೀರು, ಉಪ್ಪು, ಯೀಸ್ಟ್. ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ಹಾಲೂ ಇಲ್ಲ. 1984ರಲ್ಲಿ ಅಲ್ಲಿನ ಹಳೆಯ ಕಸುಬುದಾರರು ಸೇರಿ ಒಂದು ಸಂಘ ಕಟ್ಟಿ, ತಮ್ಮ ಪಿಜ್ಜಾ ಹೇಗಿರಬೇಕೆಂದು ನಿಯಮ ಬರೆದಿಟ್ಟರು. ಒಂದು ಲೀಟರ್ ನೀರಿಗೆ ಸುಮಾರು 1.6ರಿಂದ 1.8 ಕಿಲೊ ಹಿಟ್ಟು. ಉಂಡೆಯ ತೂಕ 200ರಿಂದ 280 ಗ್ರಾಂ. ಬೆಂದ ಪಿಜ್ಜಾದ ಅಗಲ 35 ಸೆಂಟಿಮೀಟರ್ ಮೀರಬಾರದು. ಲಟ್ಟಣಿಗೆ ಮುಟ್ಟುವಂತಿಲ್ಲ, ಕೈಯಲ್ಲೇ ತಟ್ಟಬೇಕು.

ಲಟ್ಟಣಿಗೆ ಯಾಕೆ ಬೇಡ ಎಂಬುದನ್ನು ತಿಳಿದರೆ ಪಿಜ್ಜಾದ ಅಂಚಿಗೆ ಅರ್ಥ ಬರುತ್ತದೆ. ನಾದಿದ ಹಿಟ್ಟು ಗಂಟೆಗಟ್ಟಲೆ ಕೂತು ಹುದುಗುವಾಗ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಪಿಜ್ಜಾ ಮಾಡುವವನು ಉಂಡೆಯ ನಡುಭಾಗವನ್ನು ಬೆರಳ ತುದಿಯಿಂದ ಒತ್ತುತ್ತಾ ಆ ಗಾಳಿಯನ್ನು ಹೊರಸುತ್ತಿಗೆ ದಬ್ಬುತ್ತಾನೆ. ಆಮೇಲೆ ಎಡಗೈ ಬಲಗೈ ಬದಲಿಸಿ ಕಲ್ಲಿನ ಮೇಲೆ ಬಡಿದು, ತಿರುಗಿಸಿ, ಎಳೆದು ಅಗಲ ಮಾಡುತ್ತಾನೆ. ನಡು ತೆಳುವಾಗುತ್ತದೆ, ಅಂಚಿನಲ್ಲಿ ಗಾಳಿ ಉಳಿಯುತ್ತದೆ. ಒಲೆಯ ಕಾವು ತಾಗಿದೊಡನೆ ಆ ಗಾಳಿ ಹಿಗ್ಗಿ ಅಂಚು ಊದಿಕೊಳ್ಳುತ್ತದೆ. ಲಟ್ಟಿಸಿದರೆ ಇಷ್ಟೂ ಗಾಳಿ ಸತ್ತುಹೋಗುತ್ತದೆ. ಹಾಗಾಗಿ ಅಂಚನ್ನು ತಟ್ಟೆಯಲ್ಲೇ ಬಿಟ್ಟು ಏಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಅಂಗಡಿಯವನ ಕೈಕೆಲಸದ ಪೂರ್ತಿ ಲೆಕ್ಕ ಇರುವುದು ಅಲ್ಲೇ. ಅಂಚನ್ನು ಮುರಿದು ಒಳಗೆ ನೋಡಿ. ದೊಡ್ಡದು ಚಿಕ್ಕದು ಬೆರೆತ ಗೂಡುಗೂಡಾದ ತೂತುಗಳಿದ್ದರೆ, ಕೈಗೆ ಹಗುರ ಎನಿಸಿದರೆ, ಬರಿಯ ಅಂಚನ್ನೇ ತಿಂದರೂ ರುಚಿಯಿದ್ದರೆ ಆ ಅಂಗಡಿಯನ್ನು ನೀವು ನಂಬಬಹುದು. ಒಳಗೆ ಬಿಳಿಚಿಕೊಂಡು ಒತ್ತಾಗಿದ್ದರೆ ಹಿಟ್ಟಿಗೆ ಸಮಯ ಕೊಟ್ಟಿಲ್ಲ ಎಂದೇ ಅರ್ಥ.

ಸಮಯವೇ ಹಿಟ್ಟಿನ ರುಚಿ. ನೇಪಲ್ಸ್‌ನ ಸಂಘ ಕನಿಷ್ಠ ಎಂಟು ಗಂಟೆ ಕಾಯಬೇಕೆನ್ನುತ್ತದೆ. ಒಳ್ಳೆಯ ಅಂಗಡಿಗಳಲ್ಲಿ ಎಷ್ಟೋ ಮಂದಿ ಒಂದು ದಿನ, ಎರಡು ದಿನ ಕಾಯುತ್ತಾರೆ. ನಿಧಾನವಾಗಿ ಹುದುಗಿದ ಹಿಟ್ಟಿನಲ್ಲಿ ಹಿತವಾದ ಹುಳಿ ಮೂಡುತ್ತದೆ, ಪಿಷ್ಟದ ಒಂದಂಶ ಸಕ್ಕರೆಯಾಗಿ ಒಡೆದು ಒಲೆಯಲ್ಲಿ ಬಣ್ಣ ಕೊಡುತ್ತದೆ. ಅವಸರದ ಹಿಟ್ಟಿಗೆ ಹಸಿ ಯೀಸ್ಟಿನ ವಾಸನೆ ಅಂಟಿಕೊಂಡಿರುತ್ತದೆ.

2017ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನೇಪಲ್ಸ್‌ನ ಪಿಜ್ಜಾವನ್ನಲ್ಲ, ಅದನ್ನು ಮಾಡುವವರ ಕಲೆಯನ್ನು. ಸರಿಯಾದ ತೀರ್ಮಾನ ಅದು. ಹಿಟ್ಟು ತಟ್ಟುವವನು ಒಬ್ಬ, ಒಲೆಯ ಮುಂದೆ ನಿಲ್ಲುವವನು ಇನ್ನೊಬ್ಬ. ಸೌದೆಯ ಒಲೆಯ ಕಾವು ಅಲ್ಲಿ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪಿಜ್ಜಾ ಬೇಯಲು ಬೇಕಾದದ್ದು 60ರಿಂದ 90 ಸೆಕೆಂಡು. ಅಷ್ಟರೊಳಗೆ ಒಲೆಯವನು ಉದ್ದ ಹಿಡಿಯ ಸಟ್ಟುಗದಿಂದ ಅದನ್ನು ತಿರುಗಿಸುತ್ತಾ, ಉರಿಯ ಕಡೆಗಿದ್ದ ಮಗ್ಗುಲನ್ನು ಈಚೆಗೆ ತರುತ್ತಾ ಇರಬೇಕು. ಹತ್ತು ಸೆಕೆಂಡು ಮೈಮರೆತರೆ ಇದ್ದಿಲು. ಜಾಗ ಸಿಕ್ಕರೆ ಒಲೆ ಕಾಣುವ ಕಡೆಯೇ ಕೂತು ಅವನ ಕೈಯನ್ನು ನೋಡಿ.

ತಟ್ಟೆ ಬಂದ ಮೇಲೆ ಮೊದಲು ಒಂದು ಬದಿಯನ್ನು ಎತ್ತಿ ತಳ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಕೆಂಡಕ್ಕೆ ಹಿಡಿದಾಗ ಮೈಮೇಲೆ ಏಳುವ ಕಂದು ಕಪ್ಪು ಚುಕ್ಕೆಗಳನ್ನು ನೋಡಿ ಬೆಂದಿದೆಯೋ ಇಲ್ಲವೋ ಹೇಳುತ್ತಾರಲ್ಲ, ಇಲ್ಲಿಯೂ ಅದೇ ಕಣ್ಣು ಬೇಕು. ಚುಕ್ಕೆಗಳು ಬಿಡಿಬಿಡಿಯಾಗಿ, ನಡುವೆ ಹೊಂಬಣ್ಣವಿದ್ದರೆ ಕಾವು ಹದವಾಗಿತ್ತು. ತಳವೆಲ್ಲ ಒಂದೇ ಸಮ ಬಿಳುಪಾಗಿದ್ದರೆ ಒಲೆ ತಣ್ಣಗಿತ್ತು. ಇಡೀ ತಳ ಕರಿಯಾಗಿ ಕಹಿ ನಾಲಗೆಗೆ ತಾಗಿದರೆ ಒಲೆಯ ನೆಲದಲ್ಲಿ ಉದುರಿದ ಹಿಟ್ಟು ಸುಟ್ಟು ಅಂಟಿಕೊಂಡಿರಬಹುದು, ಅವರು ಗುಡಿಸಿಲ್ಲ. ಚುಕ್ಕೆಯ ಕಪ್ಪನ್ನು ಸೀದದ್ದೆಂದು ತಿಳಿದು ಕೆರೆದು ತೆಗೆಯಬೇಡಿ. ಟೊಮೆಟೊದ ಸಿಹಿಹುಳಿಗೆ, ಹಾಲಿನ ಮೆದುವಿಗೆ ಎದುರಾಗಿ ಆ ಕಿಂಚಿತ್ ಕಹಿ ಇರಲೇಬೇಕು.

ನೇಪಲ್ಸ್ ಪಿಜ್ಜಾದ ನಡುಭಾಗ ಒದ್ದೆಯಾಗಿರುತ್ತದೆ. ಗರಿಗರಿಯನ್ನು ನಿರೀಕ್ಷಿಸಿ ಹೋದವರು ಇದು ಬೆಂದಿಲ್ಲ ಎನ್ನುತ್ತಾರೆ. ಒಂದೂವರೆ ನಿಮಿಷದಲ್ಲಿ ಬೆಂದದ್ದರೊಳಗೆ ತೇವ ಉಳಿಯುತ್ತದೆ, ಅದರ ಮೆದುತನವೇ ಆ ಶೈಲಿಯ ಲಕ್ಷಣ. ಟೊಮೆಟೊವನ್ನು ಅಲ್ಲಿ ಮೊದಲೇ ಬೇಯಿಸುವುದಿಲ್ಲ. ಹಿಸುಕಿ ಉಪ್ಪು ಹಾಕಿ ಹಾಗೇ ಸವರುತ್ತಾರೆ, ಹಾಗಾಗಿ ಹಣ್ಣಿನ ತಾಜಾತನ ಹೋಗುವುದಿಲ್ಲ. ಇದನ್ನು ಚಾಕು ಫೋರ್ಕಿನಲ್ಲಿ ತಿನ್ನುವುದು ಅಲ್ಲಿಯವರಿಗೆ ಸಹಜ. ಬೀದಿಯಲ್ಲಾದರೆ ಚಿಕ್ಕ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ವಿಯಾ ದೇಯಿ ತ್ರಿಬುನಾಲಿ ಬೀದಿಯ ದಿ ಮತ್ತೆಯೊ ಇದಕ್ಕೆ ಹೆಸರಾದ ಜಾಗ. 1994ರ ಜಿ-7 ಸಭೆಗೆ ಬಂದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅಲ್ಲಿ ತಿಂದದ್ದನ್ನು ಊರು ಇನ್ನೂ ಹೇಳಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಬಡತನದ ವರ್ಷಗಳಲ್ಲಿ ಒಲೆಯ ಬದಲು ಬಾಣಲೆಯ ಎಣ್ಣೆಯಲ್ಲಿ ಕರಿದ ಪಿಜ್ಜಾ ಅಲ್ಲಿ ಮನೆಮನೆಯ ಬಾಗಿಲಲ್ಲಿ ಮಾರಾಟವಾಗುತ್ತಿತ್ತು. ಇವತ್ತು ತಿಂದು ಎಂಟು ದಿನ ಬಿಟ್ಟು ದುಡ್ಡು ಕೊಡುವ ಪದ್ಧತಿಯೂ ಇತ್ತು. 1954ರ 'ಲೋರೊ ದಿ ನಾಪೊಲಿ' ಸಿನಿಮಾದಲ್ಲಿ ಸೋಫಿಯಾ ಲೊರೆನ್ ಮಾರುವುದು ಇದನ್ನೇ.

ಚೀಸಿನ ವಿಷಯದಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ಎಮ್ಮೆ ಹಾಲಿನ ಮೊಝರೆಲ್ಲಾ ದುಬಾರಿ, ಹಾಗಾಗಿ ಅದೇ ಮೇಲು ಎಂದು ತಿಳಿದವರು ಹಲವರು. ಅದರಲ್ಲಿ ನೀರಿನಂಶ ಹೆಚ್ಚು. ಸರಿಯಾಗಿ ಬಸಿಯದೆ ಹಾಕಿದರೆ ತಟ್ಟೆ ಕೆರೆಯಾಗುತ್ತದೆ. ನೇಪಲ್ಸ್‌ನ ಎಷ್ಟೋ ಹಳೆಯ ಅಂಗಡಿಗಳು, ದಾ ಮಿಕೆಲೆಯೂ ಸೇರಿ, ಹಸುವಿನ ಹಾಲಿನ ತಾಜಾ ಚೀಸನ್ನೇ ಬಳಸುತ್ತವೆ. ಸಸ್ಯಾಹಾರಿಗಳು ಇನ್ನೊಂದನ್ನೂ ತಿಳಿದಿರಬೇಕು: ಇಟಲಿಯ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವುದು ವಾಡಿಕೆ. ಅದು ಬೇಡವೆನ್ನುವವರಿಗೆ ಅಲ್ಲಿ ಮರಿನಾರಾ ಇದೆ. ಹೊಂದಾಣಿಕೆಗೆಂದು ಆಯ್ದ ಎರಡನೆಯ ದರ್ಜೆಯ ತಿಂಡಿಯಲ್ಲ ಅದು. ಹಿಟ್ಟು, ಟೊಮೆಟೊ, ಬೆಳ್ಳುಳ್ಳಿಗಳ ಘಮ ಇಷ್ಟು ನೇರವಾಗಿ ಬೇರೆಲ್ಲೂ ಸಿಗದು. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಮರಿನಾರಾವನ್ನೇ ಕೇಳುತ್ತೇನೆ.

ಇಟಲಿಯಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋದ ದಕ್ಷಿಣದ ಬಡವರು ಪಿಜ್ಜಾವನ್ನೂ ಒಯ್ದರು. ಅಲ್ಲಿ ಅವರಿಗೆ ಸಿಕ್ಕದ್ದು ಬ್ರೆಡ್ ಬೇಯಿಸುವ ಕಲ್ಲಿದ್ದಲಿನ ದೊಡ್ಡ ಒಲೆಗಳು. ಒಲೆ ಬದಲಾದದ್ದೇ ಪಿಜ್ಜಾ ಬದಲಾಯಿತು. ಕಲ್ಲಿದ್ದಲಿನ ಕಾವು ಒಣ ಕಾವು, ಸೌದೆಯಂತೆ ಜ್ವಾಲೆ ನೆಕ್ಕುವುದಿಲ್ಲ. ಪಿಜ್ಜಾ ಕೆಲವು ನಿಮಿಷ ಒಳಗಿರುತ್ತದೆ, ತೇವ ಆರುತ್ತದೆ, ತಳ ಗಟ್ಟಿಯಾಗಿ ಗರಿಗರಿಯಾಗುತ್ತದೆ. ನ್ಯೂಯಾರ್ಕಿನ ಸ್ಪ್ರಿಂಗ್ ಬೀದಿಯ ಲೊಂಬಾರ್ಡಿ 1905ರಿಂದ ಪಿಜ್ಜಾ ಮಾರುತ್ತಿದ್ದುದಾಗಿ ಹೇಳಿಕೊಳ್ಳುತ್ತದೆ. 1984ರಲ್ಲಿ ಮುಚ್ಚಿ 1994ರಲ್ಲಿ ಹತ್ತಿರದಲ್ಲೇ ಮತ್ತೆ ತೆರೆಯಿತು. ಕೋನಿ ಐಲೆಂಡಿನ ಟೊಟೊನ್ನೊ 1924ರದ್ದು. ಬ್ಲೀಕರ್ ಬೀದಿಯ ಜಾನ್ಸ್ 1929ರದ್ದು. ಅಲ್ಲಿ ಬಿಡಿ ತುಂಡು ಕೊಡುವುದಿಲ್ಲ, ಇಡೀ ಪಿಜ್ಜಾವನ್ನೇ ಕೊಳ್ಳಬೇಕು.

ಆದರೆ ಕಲ್ಲಿದ್ದಲಿನ ಒಲೆಯ ಸೊಗಸನ್ನು ಅರಿಯಲು ನಾನು ಕಳಿಸುವುದು ನ್ಯೂಯಾರ್ಕಿಗಲ್ಲ, ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ದೂರದ ನ್ಯೂ ಹೇವನ್‌ಗೆ. ಯೇಲ್ ವಿಶ್ವವಿದ್ಯಾಲಯದ ಊರು. ಓದಲು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಈ ಸಾಲುಗಳಲ್ಲಿ ನಿಂತಿರುತ್ತಾರೆ. ಅಮಾಲ್ಫಿ ಕರಾವಳಿಯ ಮಯೋರಿಯಿಂದ ಬಂದ ಫ್ರಾಂಕ್ ಪೆಪೆ 1925ರಲ್ಲಿ ವೂಸ್ಟರ್ ಬೀದಿಯಲ್ಲಿ ಅಂಗಡಿ ತೆರೆದ. 1938ರಲ್ಲಿ ಅವನ ಸೋದರಳಿಯ ಸಾಲ್ವತೋರೆ ಕೊನ್ಸಿಲಿಯೊ ಅದೇ ಬೀದಿಯಲ್ಲಿ ಸ್ಯಾಲೀಸ್ ಶುರುಮಾಡಿದ. ಇಂದಿಗೂ ಆ ಊರಿನವರು ಪೆಪೆ ಪಕ್ಷ, ಸ್ಯಾಲೀಸ್ ಪಕ್ಷ ಎಂದು ಹಂಚಿಹೋಗಿದ್ದಾರೆ. ಸ್ಟೇಟ್ ಬೀದಿಯ ಮಾಡರ್ನ್‌ಗೆ 1934ರಿಂದ ತನ್ನದೇ ಪಕ್ಷವಿದೆ.

ನ್ಯೂ ಹೇವನ್ ಪಿಜ್ಜಾ ದುಂಡಗಿರುವುದಿಲ್ಲ. ಅಂಡಾಕಾರ, ಸೊಟ್ಟ ಅಂಚು, ಅಲ್ಲಲ್ಲಿ ಇದ್ದಿಲಿನಷ್ಟು ಕಪ್ಪು. ಕಾಗದ ಹಾಸಿದ ಲೋಹದ ತಟ್ಟೆಯಲ್ಲಿ ಹಾಗೇ ತಂದು ಇಡುತ್ತಾರೆ. ಅಲ್ಲಿನ ಮೂಲ ಪಿಜ್ಜಾಕ್ಕೆ ಮೊಝರೆಲ್ಲಾ ಇಲ್ಲ. ಟೊಮೆಟೊ, ಎಣ್ಣೆ, ಮೇಲೆ ತುರಿದ ಪೆಕೊರಿನೊ ಎಂಬ ತೀಕ್ಷ್ಣ ರುಚಿಯ ಕುರಿ ಹಾಲಿನ ಚೀಸ್. ಮೊಝರೆಲ್ಲಾ ಬೇಕಾದರೆ ಬೇರೆಯಾಗಿ ಕೇಳಬೇಕು. ಪೆಪೆಯ ಅಂಗಡಿಗೆ ಹೆಸರು ತಂದದ್ದು ಬಿಳಿ ಪಿಜ್ಜಾ: ನಮ್ಮ ಕರಾವಳಿಯ ಮರ್ವಾಯಿಯ ಜಾತಿಗೆ ಸೇರಿದ ಚಿಪ್ಪಿನ ಮಾಂಸ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಪೆಕೊರಿನೊ. ಟೊಮೆಟೊ ಹಾಕುವುದೇ ಇಲ್ಲ. ಸಮುದ್ರದ ಉಪ್ಪು, ಚಿಪ್ಪಿನ ಸಿಹಿ, ಕರಿಹತ್ತಿದ ಹಿಟ್ಟಿನ ಕಹಿ ಒಂದೇ ತುತ್ತಿನಲ್ಲಿ ಸಿಗುತ್ತವೆ. ಮಂಗಳೂರು, ಕುಂದಾಪುರದ ಕಡೆಯ ನಾಲಗೆಗೆ ಇದು ಬೇಗ ಒಗ್ಗುತ್ತದೆ ಎಂದು ನನ್ನ ನಂಬಿಕೆ. ಇಲ್ಲಿ ತಳ ನೋಡುವ ಕಣ್ಣನ್ನು ಬದಲಿಸಿಕೊಳ್ಳಬೇಕು. ನೇಪಲ್ಸ್‌ನಲ್ಲಿ ಹೆಚ್ಚೆನಿಸುವ ಕಪ್ಪು ಇಲ್ಲಿ ಸರಿ, ಅಲ್ಲಿ ಒಪ್ಪುವ ಒದ್ದೆ ಇಲ್ಲಿ ತಪ್ಪು. ಒಂದೊಂದು ಒಲೆಗೂ ಅದರದ್ದೇ ಹದ ಇರುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಊರಿಲ್ಲ.

ನ್ಯೂಯಾರ್ಕಿನ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಬಿಡಿ ತುಂಡಿನ ಪಿಜ್ಜಾ ಇನ್ನೊಂದು ಒಲೆಯ ಮಗು. ಎರಡನೆಯ ಮಹಾಯುದ್ಧದ ನಂತರ ಗ್ಯಾಸಿನ ಒಲೆಗಳು ಬಂದವು. ಬೆಲೆ ಕಡಿಮೆ, ಜಾಗ ಕಡಿಮೆ, ಕಾವು ಹಿಡಿತದಲ್ಲಿರುತ್ತದೆ. ಸುಮಾರು 18 ಇಂಚಿನ ಪಿಜ್ಜಾವನ್ನು ಎಂಟು ತುಂಡು ಮಾಡಿ ಕಿಟಕಿಯಲ್ಲಿಟ್ಟು, ಕೇಳಿದವರಿಗೆ ಒಂದು ತುಂಡನ್ನು ಮತ್ತೆ ಬಿಸಿಮಾಡಿ ಕೊಡುವ ರೂಢಿ ಬೆಳೆಯಿತು. ತೇವ ಕಡಿಮೆಯಿರುವ ಮೊಝರೆಲ್ಲಾ ಇದಕ್ಕೆ ಹೊಂದುತ್ತದೆ. ಅದು ಟೊಮೆಟೊದ ಜೊತೆ ಬೆರೆತು ಕಿತ್ತಳೆ ಬಣ್ಣದ ಜಿಡ್ಡಾಗಿ ಮೇಲೆ ತೇಲುತ್ತದೆ. ತುಂಡನ್ನು ಉದ್ದಕ್ಕೆ ಮಡಚಿ ಹಿಡಿಯಿರಿ. ತುದಿ ಕೊಂಚ ಬಾಗಿ ಆಮೇಲೆ ನೆಟ್ಟಗೆ ನಿಲ್ಲಬೇಕು. ಮಡಚಿದಾಗ ತಳ ಬಿರುಕು ಬಿಡಬೇಕು, ಆದರೆ ಎರಡಾಗಿ ಮುರಿಯಬಾರದು. 1975ರಲ್ಲಿ ಶುರುವಾದ ಗ್ರೀನ್‌ವಿಚ್ ವಿಲೇಜಿನ ಜೋಸ್ ಈ ಪರೀಕ್ಷೆಯ ಅಳತೆಗೋಲು. ಅಲ್ಲಿ ಜನಸಂದಣಿ ಎಷ್ಟೆಂದರೆ ಪಿಜ್ಜಾ ಹಳಸಲು ಪುರುಸೊತ್ತೇ ಇಲ್ಲ. ಬಿಡಿ ತುಂಡಿನ ಅಂಗಡಿಗೆ ಸಂದಣಿಯೇ ಒಂದು ಪದಾರ್ಥ.

ಬ್ರೂಕ್ಲಿನ್‌ನ ಡಿ ಫಾರಾವನ್ನು ಬಿಟ್ಟು ಮುಂದೆ ಹೋಗಲಾರೆ. ಡೊಮೆನಿಕೊ ಡಿಮಾರ್ಕೊ 1965ರಲ್ಲಿ ತೆರೆದ ಅಂಗಡಿ. ದಶಕಗಳ ಕಾಲ ಅಲ್ಲಿ ಪ್ರತಿ ಪಿಜ್ಜಾವನ್ನೂ ಅವರೇ ಮಾಡುತ್ತಿದ್ದರು. ಹೊರಗೆ ಎಷ್ಟೇ ಜನ ಇರಲಿ, ಕೈ ಅವಸರಿಸುತ್ತಿರಲಿಲ್ಲ. ಒಲೆಯಿಂದ ತೆಗೆದ ಪಿಜ್ಜಾದ ಮೇಲೆ ಕತ್ತರಿ ಹಿಡಿದು ಬೇಸಿಲ್ ಎಲೆಗಳನ್ನು ಕತ್ತರಿಸಿ ಉದುರಿಸುತ್ತಿದ್ದರು, ಬಿಸಿ ತಾಗಿ ಘಮ ಏಳುತ್ತಿತ್ತು. ಅವರು 2022ರಲ್ಲಿ ತೀರಿಕೊಂಡರು. ಗ್ಯಾಸಿನ ಒಲೆಯಲ್ಲಿ ಇಂಥದ್ದು ಆಗದು ಎನ್ನುವವರಿಗೆ ಅವರ ಜೀವನವೇ ಉತ್ತರ.

ಷಿಕಾಗೊದ ದಪ್ಪ ಪಿಜ್ಜಾ, ಡೆಟ್ರಾಯಿಟ್‌ನ ಚೌಕ ಪಿಜ್ಜಾಗಳಿಗೂ ಅಭಿಮಾನಿಗಳು ಬೇಕಾದಷ್ಟಿದ್ದಾರೆ. ಮೊದಲನೆಯದು ನನಗೆ ಅಷ್ಟಾಗಿ ಹತ್ತಿರವಾಗಿಲ್ಲ, ಚೀಸಿನ ಭಾರದಲ್ಲಿ ಹಿಟ್ಟು ಮೂಕವಾಗುತ್ತದೆ. ಡೆಟ್ರಾಯಿಟ್‌ನಲ್ಲಿ ಉಕ್ಕಿನ ಬಾಣಲೆಯ ಗೋಡೆಗೆ ಅಂಟಿ ಕರಿದಂತಾದ ಚೀಸಿನ ಅಂಚು ಮಾತ್ರ ಸೊಗಸು. ರೋಮಿನಲ್ಲಿ ವ್ಯಾಟಿಕನ್ ಹತ್ತಿರ ಗಾಬ್ರಿಯೆಲೆ ಬೊಂಚಿ ನಡೆಸುವ ಪಿಜ್ಜಾರಿಯುಂ ಅಂಗಡಿಯಲ್ಲಿ ಆಯತದ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಚಿಕ್ಕ ಚಿಕ್ಕ ತುಂಡು ಕೇಳಿ ನಾಲ್ಕಾರು ಬಗೆ ಸವಿಯಬಹುದು.

ಹಿಟ್ಟನ್ನು ಪೂರ್ತಿ ಅರಿತ ಕೈ ಎಲ್ಲಿಗೆ ಮುಟ್ಟಬಲ್ಲದು ಎಂದು ನೋಡಬೇಕಾದರೆ ನೇಪಲ್ಸ್‌ನ ಉತ್ತರಕ್ಕಿರುವ ಕಯಾತ್ಸೊ ಎಂಬ ಪುಟ್ಟ ಊರಿಗೆ ಹೋಗಬೇಕು. ಫ್ರಾಂಕೊ ಪೆಪೆ 2012ರಲ್ಲಿ ಅಲ್ಲಿ 'ಪೆಪೆ ಇನ್ ಗ್ರಾನಿ' ತೆರೆದರು. ಹಿಟ್ಟನ್ನು ಅವರು ನಾದುವುದು ಕೈಯಲ್ಲಿ, ಮರದ ತೊಟ್ಟಿಯಲ್ಲಿ. ಅಂದಿನ ಹವೆ, ಅಂದಿನ ಹಿಟ್ಟು ನೋಡಿ ನೀರಿನ ಅಳತೆ ಬದಲಿಸುತ್ತಾರೆ. ಅವರ ಹೆಸರುವಾಸಿ ಪಿಜ್ಜಾದಲ್ಲಿ ಮಾರ್ಗರೀಟಾವನ್ನೇ ತಲೆಕೆಳಗು ಮಾಡಿದ್ದಾರೆ: ಎಮ್ಮೆ ಹಾಲಿನ ಮೊಝರೆಲ್ಲಾದೊಂದಿಗೆ ಬೇಯಿಸಿ, ಒಲೆಯಿಂದ ತೆಗೆದ ಮೇಲೆ ಟೊಮೆಟೊ ಮತ್ತು ಬೇಸಿಲ್ ಸಾರಗಳನ್ನು ಗೆರೆಗಳಾಗಿ ಎಳೆಯುತ್ತಾರೆ. ಟೊಮೆಟೊ ಬೆಂಕಿ ಕಾಣದೆ ಬಾಯಿಗೆ ಬರುತ್ತದೆ.

ಇನ್ನು ನಮ್ಮೂರು. ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿ ತೆರೆದದ್ದು 1996ರಲ್ಲಿ, ಬೆಂಗಳೂರಿನಲ್ಲಿ. ಒಂದು ಇಡೀ ತಲೆಮಾರಿಗೆ ಪಿಜ್ಜಾ ಎಂದರೆ ಎಣ್ಣೆ ಸವರಿದ ಬಾಣಲೆಯಲ್ಲಿ ದಪ್ಪಗೆ ಉಬ್ಬಿ, ತಳ ಕರಿದಂತಾದ ಆ ರುಚಿಯೇ. ಅದನ್ನು ಕೀಳಾಗಿ ಕಾಣಬೇಕಿಲ್ಲ, ಅದೂ ಒಂದು ಬಗೆಯ ಹದ. ಈಗ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಸೌದೆಯ ಒಲೆ ಕಟ್ಟಿಕೊಂಡವರಿದ್ದಾರೆ. ಅಲ್ಲಿಗೆ ಹೋಗುವಾಗ ಶನಿವಾರದ ರಾತ್ರಿ ಬೇಡ, ವಾರದ ನಡುವಿನ ದಿನ ಹೋಗಿ. ಒಲೆಯ ಮೇಲೆ ಒತ್ತಡ ಕಡಿಮೆ ಇರುತ್ತದೆ. ಹಿಟ್ಟು ಎಷ್ಟು ಹೊತ್ತು ಹುದುಗಿದ್ದು ಎಂದು ಕೇಳಿ. ಕಸುಬು ಪ್ರೀತಿಸುವವರು ಖುಷಿಯಿಂದ ಹೇಳುತ್ತಾರೆ. ಇಲ್ಲಿ ತಯಾರಾಗುವ ಬಹುಪಾಲು ಚೀಸಿಗೆ ಪ್ರಾಣಿಮೂಲವಲ್ಲದ ರೆನೆಟ್ ಬಳಸುವುದರಿಂದ ಸಸ್ಯಾಹಾರಿಗಳಿಗೆ ಆ ಚಿಂತೆ ಕಡಿಮೆ, ಆಮದಿನ ಚೀಸ್ ಹಾಕಿದ್ದರೆ ಮಾತ್ರ ವಿಚಾರಿಸಿ. ಒಣಮೆಣಸಿನ ಚೂರು, ಕೆಚಪ್ ಪೊಟ್ಟಣಗಳನ್ನು ಮೊದಲ ತುಂಡು ಮುಗಿಯುವ ತನಕ ಪಕ್ಕಕ್ಕಿಡಿ.

ನೇಪಲ್ಸ್ ಬಗೆಯ ಪಿಜ್ಜಾವನ್ನು ಪಾರ್ಸೆಲ್ ಮಾಡಿಸಬೇಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಅದರದ್ದೇ ಹಬೆ ಅದರ ಮೇಲೆ ಕೂತು, ಮನೆ ಮುಟ್ಟುವಷ್ಟರಲ್ಲಿ ಅಂಚು ತೊಗಲಾಗಿರುತ್ತದೆ. ಗರಿಗರಿ ತಳದವು ಪ್ರಯಾಣವನ್ನು ತಡೆಯುತ್ತವೆ. ತಂದದ್ದು ಆರಿದ್ದರೆ ಮೈಕ್ರೊವೇವಿಗೆ ಇಡದೆ, ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಇಡಿ. ತಳ ಗರಿಯಾಗುತ್ತಿದ್ದಂತೆ ಕಾವಲಿಯ ಬದಿಗೆ ಎರಡು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಅರ್ಧ ನಿಮಿಷದಲ್ಲಿ ಚೀಸ್ ಮತ್ತೆ ಮೆದುವಾಗುತ್ತದೆ.